ಬಳ್ಳಿಯಣ್ಣ ಮುಚ್ಚಿದ ಪೆಟ್ಟಿಗೆ

ಖಾಲಿ ಜಾಗ ಕಂಡರೆ ಕೆಲವರಿಗೆ ಮನೆ ಕಟ್ಟುವ ಆಸೆಯಾಗುತ್ತದೆ, ಕೆಲವರಿಗೆ ಕಸ ಎಸೆಯುವ ಆಸೆಯಾಗುತ್ತದೆ. ಬಳ್ಳಿಯಣ್ಣನಿಗೆ ಬಳ್ಳಿ ಬರೆಯುವ ಆಸೆಯಾಗುತ್ತಿತ್ತು. ನಾಮಫಲಕವಿರಲಿ, ಸ್ಟೂಲಿರಲಿ, ಮಗುವಿನ ತೊಟ್ಟಿಲಿರಲಿ, ನಡುವೆ ಗಿರಾಕಿಯ ಹೆಸರನ್ನು ದುಂಡಗೆ ಬರೆದು ಮುಗಿಸಿದ ಮೇಲೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಅಕ್ಷರದ ಬಾಲದಿಂದ ಒಂದು ಹಸಿರು ಬಳ್ಳಿ ಹೊರಡುತ್ತಿತ್ತು. ಬಳ್ಳಿಗೊಂದು ಸುರುಳಿ, ಸುರುಳಿಗೊಂದು ಎಲೆ, ಎಲೆಗೆ ಹಳದಿ ಅಂಚು, ಅಂಚು ಬೇಜಾರು ಮಾಡಿಕೊಂಡೀತೆಂದು ಪಕ್ಕದಲ್ಲೊಂದು ಕೆಂಪು ಚುಕ್ಕೆ. ಮರದ ಬಣ್ಣ ಯಾವುದು ಎಂದು ಮರಕ್ಕೇ ಮರೆತು ಹೋಗುವವರೆಗೆ ಅವನು ಕುಂಚ ಕೆಳಗಿಡುತ್ತಿರಲಿಲ್ಲ. ಒಮ್ಮೆ ಹಲ್ಲಿನ ಡಾಕ್ಟರ ಹಲಗೆಗೆ ಹೀಗೇ ಬಳ್ಳಿ ಹಬ್ಬಿಸಿದ್ದ. ಗಿಡ ಕೊಳ್ಳಲು ಬಂದವರು ಹಲ್ಲು ಕೀಳಿಸಿಕೊಂಡು ಹೋದರು ಎಂದು ಬೀದಿಯವರು ಬಹಳ ಕಾಲ ಆಡಿಕೊಂಡರು. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದನ್ನೂ ಈ ಬಳ್ಳಿಯೇ ನುಂಗಿ ನೀರು ಕುಡಿದಿತ್ತು.

ಕೆಟ್ಟ ಕೆಲಸಗಾರನಲ್ಲ ಅವನು. ಅಕ್ಷರ ಬರೆಯಲು ಕೂತರೆ ಅಳತೆಪಟ್ಟಿ ಬೇಕಿರಲಿಲ್ಲ. ಸೀಮೆಸುಣ್ಣದಲ್ಲಿ ಎರಡು ಗೀಟು ಎಳೆದು, ಉಸಿರು ಬಿಗಿಹಿಡಿದು, ಕಿರುಬೆರಳನ್ನು ಹಲಗೆಗೆ ಊರಿ ಕುಂಚ ಎಳೆದನೆಂದರೆ ಅಕ್ಷರ ಈಗ ಮಾತಾಡೀತು ಅನ್ನಿಸುತ್ತಿತ್ತು. ತೊಂದರೆ ಏನೆಂದರೆ, ಇದನ್ನು ಅವನಿಗೆ ಯಾರೋ ಹೇಳಿಬಿಟ್ಟಿದ್ದರು. ಅಂದಿನಿಂದ ಅವನು ಬಣ್ಣ ಬಳಿಯುವವನಾಗಿ ಉಳಿಯದೆ ಕಲಾವಿದನಾಗಿಬಿಟ್ಟ. ಪ್ರತಿಯೊಂದು ವಸ್ತುವಿನ ಕೊನೆಯ ಎಲೆಯ ಕೆಳಗೆ ತನ್ನ ಹೆಸರು ಬರೆದು, ಹೆಸರಿನ ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಇನ್ನೊಂದು ಪುಟ್ಟ ಎಲೆ ಹಾಕುವುದು ಶುರುವಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಅದನ್ನು ಬಳ್ಳಿಯಣ್ಣ ಯಾರಿಗೂ ಹೇಳುತ್ತಿರಲಿಲ್ಲ, ಆದ್ದರಿಂದ ನಾವೇ ಹೇಳಬೇಕು. ಆ ಹಲಗೆ, ಸ್ಟೂಲು, ತೊಟ್ಟಿಲು, ಪೆಟ್ಟಿಗೆ ಒಂದನ್ನೂ ಅವನು ಮಾಡಿದ್ದಲ್ಲ. ಎಲ್ಲ ಅವನ ಹೆಂಡತಿಯ ಕೈಕೆಲಸ. ಅವಳ ಅಪ್ಪ ಬಡಗಿ. ಗಂಡುಮಕ್ಕಳಿಲ್ಲವೆಂದು ಕೊರಗುತ್ತ ಕೂರದೆ, ಮಗಳ ಕೈಗೇ ಉಳಿ ಕೊಟ್ಟಿದ್ದ. ಆ ಮನೆಗೆ ಬಣ್ಣ ಬಳಿಯಲು ಬಂದ ಹುಡುಗ ಕೆಲಸ ಮುಗಿದ ಮೇಲೂ ಹೋಗಲಿಲ್ಲ, ಅಳಿಯನಾಗಿ ಅಲ್ಲೇ ನಿಂತ. ಮಾವ ತೀರಿಕೊಂಡ ಮೇಲೆ ಮುಂಬಾಗಿಲಿನ ಕೋಣೆ ಬಣ್ಣದ್ದಾಯಿತು, ಪರದೆಯ ಹಿಂದಿನ ಕೋಣೆ ಮರದ್ದಾಯಿತು. ಗಿರಾಕಿಗಳು ಮುಂಬಾಗಿಲಿನಿಂದ ಬರುತ್ತಾರೆ, ಮುಂದಿನ ಕೋಣೆಯಲ್ಲಿರುವವನನ್ನು ನೋಡುತ್ತಾರೆ.

"ಇದೆಲ್ಲ ನಿಮ್ಮ ಕೈಯದ್ದೇನಾ?" ಎಂದು ಅವರು ಬಾಯಿ ತೆರೆದು ಕೇಳಿದರೆ, ಬಳ್ಳಿಯಣ್ಣ ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ಮರ್ಯಾದಸ್ಥ ಅವನು. "ಹೂಂ, ಎಲ್ಲ ಇಲ್ಲೇ ಆಗೋದು," ಅನ್ನುತ್ತಿದ್ದ.

ಪರದೆಯ ಹಿಂದೆ ಮರ ಕೀಸುವ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಇನ್ನಷ್ಟು ಜೋರಾಗಿ ಶುರುವಾಗುತ್ತಿತ್ತು.

ಅವಳು ಬಾಯಿಲ್ಲದವಳೇನೂ ಅಲ್ಲ. ತೊಟ್ಟಿಲೊಂದನ್ನು ಮಾಡಿ ಮುಗಿಸಿದ ದಿನ ಕೇಳಿಯೇ ಕೇಳಿದ್ದಳು: "ರೀ, ನಿಮ್ಮ ಹೆಸರಿನ ಪಕ್ಕ ನನ್ನದೂ ಒಂದು ಹಾಕ್ರಿ."

ಬಳ್ಳಿಯಣ್ಣ ತೊಟ್ಟಿಲನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಎಲ್ಲೆಲ್ಲೂ ಅವನದೇ ಎಲೆಗಳು. "ಜಾಗ ಇಲ್ವಲ್ಲೇ," ಅಂದ, ನಿಜವಾಗಿಯೂ ಬೇಸರಪಟ್ಟುಕೊಂಡು.

ಸ್ಟೂಲಿನ ಸಲವೂ ಜಾಗ ಇರಲಿಲ್ಲ. ಕನ್ನಡಿಯ ಚೌಕಟ್ಟಿನ ಸಲ ಜಾಗ ಇತ್ತು, ಅವಳು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅಲ್ಲೊಂದು ಮೊಗ್ಗು ಬಂದಿತ್ತು. "ಮಾಡೋರು ಯಾರೋ, ಮೆರೆಯೋರು ಯಾರೋ," ಎಂದು ಮೂಲೆಯಲ್ಲಿ ಕೂತ ಅವನ ಅತ್ತೆ, ಅಂದರೆ ಅವಳ ತಾಯಿ, ಗೋಡೆಗೆ ಹೇಳುತ್ತಿದ್ದಳು. ಅವಳಿಗೆ ಕಿವಿ ಮಂದ, ಕಣ್ಣೂ ಮಂಜು. ನಾಲಿಗೆ ಮಾತ್ರ ಹದಿನಾರರ ಹರೆಯದ್ದು.

ಹೀಗಿರುವಾಗ ವರ್ತಕರ ಸಂಘದ ಕಾರ್ಯದರ್ಶಿ ಮುಂಬಾಗಿಲಿಗೆ ಬಂದ. ಸಂಘದ ಅಧ್ಯಕ್ಷರು ನಿವೃತ್ತರಾಗುತ್ತಿದ್ದರು. ಹಿಂದೆಯೂ ಎರಡು ಸಲ ನಿವೃತ್ತರಾಗಿ, ಭಾಷಣ ಕೇಳಿ, ಕಣ್ಣೊರೆಸಿಕೊಂಡು, ಅಭಿಮಾನಿಗಳ ಒತ್ತಾಯಕ್ಕೆ ಮಣಿದು ಮತ್ತೆ ಅದೇ ಕುರ್ಚಿಯಲ್ಲಿ ಕೂತವರು. ಒತ್ತಾಯಿಸಿದ ಅಭಿಮಾನಿಗಳು ಯಾರು ಎಂಬುದು ಮಾತ್ರ ಸಂಘಕ್ಕೆ ಈವರೆಗೂ ಗೊತ್ತಾಗಿಲ್ಲ. ಈ ಸಲದ ಬೀಳ್ಕೊಡುಗೆಗೆ ಒಂದು ಗಡಿಯಾರ, ಒಂದು ಮಾನಪತ್ರ, ಅವೆರಡನ್ನೂ ಇಡಲು ಚಿತ್ತಾರದ ಮರದ ಪೆಟ್ಟಿಗೆ ಎಂದು ತೀರ್ಮಾನವಾಗಿತ್ತು.

"ವೇದಿಕೆ ಮೇಲೆ ಅಧ್ಯಕ್ಷರು ಪೆಟ್ಟಿಗೆ ತೆಗೀತಾರೆ, ಆ ಹೊತ್ತಿಗೆ ಸರಿಯಾಗಿ ಗಡಿಯಾರ ಬಾರಿಸುತ್ತೆ," ಎಂದು ಕಾರ್ಯದರ್ಶಿ ಸ್ವಂತ ಬುದ್ಧಿಗೆ ತಾನೇ ತಲೆದೂಗುತ್ತ ಹೇಳಿದ. "ಸಮಾರಂಭದ ತಾರೀಖಿಗೇ ಅಲಾರಂ ನಾನೇ ಇಟ್ಟಿದೀನಿ. ಮುಟ್ಬೇಡಿ. ಆಮೇಲೆ ವೇದಿಕೆಗೆ ನಿಮ್ಮನ್ನೂ ಕರೀತೀವಿ. ಕಲಾವಿದರಿಗೆ ಸನ್ಮಾನ."

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಬಳ್ಳಿಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪೆಟ್ಟಿಗೆಯನ್ನು ಅವಳು ತನ್ನ ಅಪ್ಪನನ್ನು ನೆನೆದುಕೊಂಡೇ ಮಾಡಿದಳು. ಒಂದು ಮೊಳೆ ಇಲ್ಲ, ಒಂದು ತಿರುಪಿಲ್ಲ. ಹಲಗೆಯ ಹಲ್ಲಿಗೆ ಹಲ್ಲು ಕೂರಿಸಿ, ಮೂಲೆಗಳನ್ನು ಉಗುರು ತೂರದ ಹಾಗೆ ಬೆಸೆದು, ಮೇಲಂಚಿನಲ್ಲಿ ಸಣ್ಣ ತೋಡು ತೆಗೆದು, ಆ ತೋಡಿನೊಳಗೆ ಹಿಂದೆ ಮುಂದೆ ಜಾರುವ ಮುಚ್ಚಳ ಕೂರಿಸಿದಳು. ಮುಚ್ಚಿದ ಮೇಲೆ ಅದು ಎಲ್ಲಿ ತೆರೆಯುತ್ತದೆ ಎಂದು ಹೊಸಬರಿಗೆ ಹೊಳೆಯುವಂತಿರಲಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿ ಅಂಗೈ ಆಡಿಸಿದಾಗ ಅವಳ ಕಣ್ಣಲ್ಲಿ ನೀರು ಬಂತು. ಇಂಥದ್ದೊಂದು ಜೀವನದಲ್ಲಿ ಒಮ್ಮೆ ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದು ಆಗಿದೆ ಎಂದೂ ಗೊತ್ತಾಯಿತು.

ಗಡಿಯಾರ, ಮಾನಪತ್ರ ಒಳಗಿಟ್ಟು, ಮುಚ್ಚಳ ಸರಿಸಿ, ಮುಂದಿನ ಕೋಣೆಗೆ ತಂದಿಟ್ಟಳು.

"ನೋಡಿ, ಮುಂದಿನ ಈ ಪಟ್ಟಿ ಖಾಲಿ ಬಿಟ್ಟಿದೀನಿ. ಇಲ್ಲಿ ನಮ್ಮಿಬ್ಬರ ಹೆಸರು. ನಂದು ಸಣ್ಣದಾಗಿದ್ರೂ ಸರಿ. ಆದ್ರೆ ಇರಬೇಕು."

"ಆಯ್ತು ಮಾರಾಯ್ತಿ."

"ಈ ಸಲ ಜಾಗ ಇಲ್ಲ ಅನ್ನೋ ಹಾಗಿಲ್ಲ."

"ನಿನ್ನ ಹೆಸರು ಹಾಕ್ದೇ ಇದ್ರೆ ಇನ್ಮೇಲೆ ನಾನು ಕುಂಚಾನೇ ಹಿಡಿಯಲ್ಲ, ಸರೀನಾ?"

"ಮತ್ತಿನ್ನೇನು ಹಿಡೀತಾರಂತೆ? ಉಳಿ ಹಿಡಿಯೋಕಂತೂ ಬರಲ್ಲ," ಎಂದು ಮೂಲೆಯಿಂದ ಅತ್ತೆಯ ದನಿ ಬಂತು. ಬೇಕಾದ್ದು ಅವಳಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ಹೆಂಡತಿ ಮುಚ್ಚಳದ ಮೇಲೆ ಕೈಯಿಟ್ಟಳು. "ಇದು ಹೇಗೆ ತೆರೆಯೋದು ಅಂದ್ರೆ..."

"ಅದೆಲ್ಲ ನಿನ್ನ ಇಲಾಖೆ," ಎಂದು ಬಳ್ಳಿಯಣ್ಣ ಆಗಲೇ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬುತ್ತಿದ್ದ.

"ಸಂದಿಗೆ ಬಣ್ಣ ತಾಗಿಸಬೇಡಿ, ಅಷ್ಟೇ," ಎಂದು ಹೇಳಿ ಅವಳು ಪರದೆಯ ಹಿಂದೆ ಹೋದಳು.

ಬಳ್ಳಿಯಣ್ಣ ಮನಸ್ಸಿನಲ್ಲಿ ಕೆಟ್ಟದ್ದು ಇಟ್ಟುಕೊಂಡು ಕೂತವನಲ್ಲ. ಪಟ್ಟಿಯನ್ನು ಬಿಟ್ಟೇ ಕೆಲಸ ಶುರು ಮಾಡಿದ್ದ. ಆದರೆ ಕಾರ್ಯದರ್ಶಿ ಬಿಡಬೇಕಲ್ಲ. ಮೊದಲ ದಿನ 'ಜನಾನುರಾಗಿ' ಎಂದು ಬರೆಸಿ ಹೋದ. ಮರುದಿನ ಓಡಿ ಬಂದು ಅದರ ಹಿಂದೆ 'ಧೀಮಂತ' ಸೇರಿಸಬೇಕು ಅಂದ. 'ಮಾರ್ಗದರ್ಶಕ' ಬಂತು, 'ಸರಳ ಸಜ್ಜನ' ಬಂತು. ಸರಳ ಸಜ್ಜನ ಎಂಬುದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ ಎಂದು ಸ್ವತಃ ಅಧ್ಯಕ್ಷರೇ ಹೇಳಿ ಕಳಿಸಿದ್ದರು. ಬಿರುದುಗಳೆಲ್ಲ ಕಾಲು ಚಾಚಿ ಮಲಗಿದ ಮೇಲೆ ಅಧ್ಯಕ್ಷರ ಹೆಸರಿಗೇ ಜಾಗ ಉಳಿಯಲಿಲ್ಲ. ಪಾಪ, ಅದು ಮುಚ್ಚಳದ ತುದಿಯಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತವರ ಹಾಗೆ ಜೋತು ಬಿದ್ದುಕೊಂಡಿತು.

ಹಾಗಾದರೆ ಬಳ್ಳಿ ಎಲ್ಲಿಗೆ ಹೋಗಬೇಕು? ಮುಚ್ಚಳದ ಮೇಲೆ ನೆಲೆ ಇಲ್ಲದೆ ಅದು ಅಂಚು ದಾಟಿ ಕೆಳಗಿಳಿಯಿತು. ಸಂದಿ ಬಂದಾಗ ಬಳ್ಳಿಯಣ್ಣ ಕುಂಚ ಎತ್ತಿದ್ದು ನಿಜ. ಆದರೆ ಅಷ್ಟು ಸೊಗಸಾದ ಬಳ್ಳಿಯನ್ನು ಸಂದಿಯಲ್ಲಿ ತುಂಡರಿಸುವುದಕ್ಕೆ ಅವನ ಜೀವ ಒಪ್ಪಲಿಲ್ಲ. ಒಂದೇ ಎಳೆತ, ಮುಚ್ಚಳದಿಂದ ಪೆಟ್ಟಿಗೆಗೆ ಇಳಿಯಿತು. ಸುತ್ತಲೂ ಹಾಗೇ. ಇಳಿದ ಬಳ್ಳಿ ಮುಂದಿನ ಪಟ್ಟಿಗೆ ಬಂತು. ಒಂದು ಎಲೆ ಹಾಕಿದ. ಒಂಟಿ ಎಲೆ ಬಿಕೋ ಅನ್ನಿಸಿತು, ಜೊತೆಗೊಂದು ಹಾಕಿದ. ಜೊತೆಯಾದ ಮೇಲೆ ಸುರುಳಿ ಬೇಡವೇ? ಪಟ್ಟಿ ತುಂಬಿದ್ದು ಅವನಿಗೆ ಗೊತ್ತಾದದ್ದು ಕೊನೆಯ ಎಲೆಯ ಕೆಳಗೆ ತನ್ನ ಹೆಸರು ಬರೆದು ಮುಗಿಸಿದ ಮೇಲೆ. ಅದಕ್ಕೆ ಮಾತ್ರ ಜಾಗ ಹೇಗೋ ಸಿಕ್ಕಿತ್ತು.

'ಮುಂದಿನ ಪೆಟ್ಟಿಗೆಗೆ ಹಾಕಿದರಾಯಿತು, ಅವಳೇನು ಓಡಿಹೋಗುತ್ತಾಳೆಯೇ' ಎಂದು ಸಮಾಧಾನ ಮಾಡಿಕೊಂಡ. ಮೇಲೆ ಎರಡು ಕೈ ವಾರ್ನಿಶ್ ಹೊಡೆದ. ಬಳ್ಳಿ ಮಿರಮಿರನೆ ಮಿಂಚಿತು.

ಮಾರನೆಯ ದಿನ ಬೆಳಿಗ್ಗೆ ಪೆಟ್ಟಿಗೆಯೊಳಗೆ ಗಡಿಯಾರ ಬಡಿದುಕೊಳ್ಳತೊಡಗಿತು. ಸಮಾರಂಭದ ದಿನ ಸಂಜೆಗೆಂದು ಕಾರ್ಯದರ್ಶಿ ಇಟ್ಟ ಅಲಾರಂ ಅದೇ ದಿನ ಬೆಳಿಗ್ಗೆಯೂ ಬಾರಿಸುತ್ತದೆ ಎಂಬುದು ಆ ಬುದ್ಧಿವಂತನಿಗೆ ಹೊಳೆದಿರಲಿಲ್ಲ. ಅತ್ತೆ ತಡಕಾಡುತ್ತ ಎದ್ದು ಬಾಗಿಲು ತೆಗೆದು, "ಯಾರೂ ಇಲ್ಲ," ಎಂದು ಮತ್ತೆ ಮಲಗಿದಳು. ಹೆಂಡತಿ ಓಡಿ ಬಂದು ಮುಚ್ಚಳ ಸರಿಸಲು ಹೋದಳು. ಅದು ಅಲುಗಲಿಲ್ಲ. ಬಗ್ಗಿ ನೋಡಿದಳು. ಸಂದಿಯ ಉದ್ದಕ್ಕೂ ಬಣ್ಣ, ಬಣ್ಣದ ಮೇಲೆ ವಾರ್ನಿಶ್, ಎಲ್ಲ ಸೇರಿ ಗೋಂದಿನಂತೆ ಕಚ್ಚಿ ಕೂತಿದ್ದವು. ಆಮೇಲೆ ಮುಂದಿನ ಪಟ್ಟಿಯನ್ನು ನೋಡಿದಳು. ಒಂದೊಂದೇ ಎಲೆಯ ಮೇಲೆ ಬೆರಳಿಟ್ಟುಕೊಂಡು ಹೋಗಿ, ಅವನ ಹೆಸರಿನ ಮೇಲೆ ಬೆರಳು ನಿಲ್ಲಿಸಿದಳು. ಒಳಗೆ ಗಡಿಯಾರ ತಾನಾಗಿ ಸುಮ್ಮನಾಯಿತು.

"ಹೇಗಿದೆ?" ಅಂದ ಬಳ್ಳಿಯಣ್ಣ, ಬಾಗಿಲ ಬಳಿ ನಿಂತು.

"ಗಟ್ಟಿಯಾಗಿ ಕೂತಿದೆ," ಅಂದಳು. ಬೇರೇನೂ ಅನ್ನಲಿಲ್ಲ.

ಬೈಗುಳಕ್ಕೆ ತಯಾರಾಗಿದ್ದ ಬಳ್ಳಿಯಣ್ಣ ಇದನ್ನು ಮೆಚ್ಚುಗೆ ಎಂದುಕೊಂಡ. ಹೆಂಡತಿಯ ಮೌನವನ್ನು ಮೆಚ್ಚುಗೆ ಎಂದುಕೊಳ್ಳುವ ಗಂಡಸರನ್ನು ದೇವರೇ ಕಾಪಾಡಬೇಕು.

ಸಂಜೆ ಸಂಘದ ಸಭಾಂಗಣ ತುಂಬಿತ್ತು. ಅವಳು ಟ್ರಂಕಿನಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ತಾಯಿಯ ಜೊತೆ ಎರಡನೆಯ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಮೇಲೆ ಇಸ್ತ್ರಿ ಅಂಗಿ ತೊಟ್ಟ ಬಳ್ಳಿಯಣ್ಣ ಕುರ್ಚಿಯ ತುದಿಯಲ್ಲಿ ಕೂತಿದ್ದ. ಉಗುರಿನ ಸುತ್ತ ಹಸಿರು ಬಣ್ಣ ಉಜ್ಜಿದರೂ ಹೋಗಿರಲಿಲ್ಲ, ಅವನು ಅಷ್ಟೇನೂ ಉಜ್ಜಿಯೂ ಇರಲಿಲ್ಲ. ನಾಲ್ಕು ಜನ ನೋಡಲಿ ಎಂದಿತ್ತು. ಭಾಷಣಗಳಾದವು. ಅಧ್ಯಕ್ಷರ ಸರಳತೆಯ ಬಗ್ಗೆ ಒಬ್ಬರು ಮಾತಾಡುತ್ತ ಹೋದದ್ದು ಎಷ್ಟು ದೀರ್ಘವಾಯಿತೆಂದರೆ, ಅಧ್ಯಕ್ಷರೇ ತೂಕಡಿಸಿದರು.

ಕಾರ್ಯದರ್ಶಿ ಮೈಕು ಹಿಡಿದ. "ಈ ಅಪೂರ್ವ ಪೆಟ್ಟಿಗೆಯನ್ನು ಆದಿಯಿಂದ ಅಂತ್ಯದವರೆಗೆ ತಮ್ಮ ಕೈಯಾರೆ ಸೃಷ್ಟಿಸಿದ ಕಲಾವಿದರು ನಮ್ಮೊಂದಿಗಿದ್ದಾರೆ!"

ಬಳ್ಳಿಯಣ್ಣ ಎದ್ದು ನಿಂತು ಕೈಮುಗಿದ. ಚಪ್ಪಾಳೆ ಬಿತ್ತು. ಎರಡನೆಯ ಸಾಲಿನ ಕಡೆ ಅವನು ನೋಡಲಿಲ್ಲ.

ಅಧ್ಯಕ್ಷರು ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿ ಮೇಲಕ್ಕೆತ್ತಿದರು. ಮುಚ್ಚಳದ ಜೊತೆ ಇಡೀ ಪೆಟ್ಟಿಗೆಯೇ ಮೇಲೆ ಬಂತು. ನಕ್ಕು ಕೆಳಗಿಟ್ಟು ಮತ್ತೆ ಎತ್ತಿದರು. ಕಾರ್ಯದರ್ಶಿ ಕೆಳಭಾಗ ಹಿಡಿದ, ಅಧ್ಯಕ್ಷರು ಮೇಲ್ಭಾಗ ಜಗ್ಗಿದರು. ಖಜಾಂಚಿ ಬಂದು ಕಾರ್ಯದರ್ಶಿಯ ಸೊಂಟ ಹಿಡಿದ. ಆ ಹೊತ್ತಿಗೆ ಸರಿಯಾಗಿ ಗಡಿಯಾರ ಬಾರಿಸಲು ಶುರುವಾಯಿತು. ಮುಚ್ಚಿದ ಪೆಟ್ಟಿಗೆಯೊಳಗಿಂದ ಆ ಸದ್ದು ಯಾರನ್ನೋ ಕೂಡಿಹಾಕಿದಂತೆ ಕೇಳುತ್ತಿತ್ತು. ಮೊದಲ ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿದರು. ಸುತ್ತಿಗೆ ತನ್ನಿ ಎಂದು ಯಾರೋ ಕೂಗಿದರು. ಬೇಡ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇನ್ಯಾರೋ ಬುದ್ಧಿ ಹೇಳಿದರು.

ಅಧ್ಯಕ್ಷರು ಬೆವರು ಒರೆಸಿಕೊಂಡು ಬಳ್ಳಿಯಣ್ಣನ ಕಡೆ ತಿರುಗಿದರು. "ಏನ್ರೀ ಇದು? ನೀವೇ ಮಾಡಿದ್ದಲ್ವಾ? ಹೇಗ್ರೀ ತೆಗೆಯೋದು?"

ಬಳ್ಳಿಯಣ್ಣ ಪೆಟ್ಟಿಗೆಯ ಹತ್ತಿರ ಬಂದ. ಮೇಲೆ ನೋಡಿದ, ಪಕ್ಕ ನೋಡಿದ, ಬಗ್ಗಿ ಅಡಿ ನೋಡಿದ. ಎಲ್ಲಿ ನೋಡಿದರೂ ಅವನದೇ ಎಲೆಗಳು ಅವನನ್ನು ನೋಡುತ್ತಿದ್ದವು. ಇದು ಮೇಲಕ್ಕೆ ಏಳುತ್ತದೋ, ಪಕ್ಕಕ್ಕೆ ತಿರುಗುತ್ತದೋ, ಹಿಂದೆ ಎಲ್ಲಾದರೂ ಕೀಲು ಇದೆಯೋ, ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಎಷ್ಟೋ ಪೆಟ್ಟಿಗೆಗಳಿಗೆ ಬಣ್ಣ ಬಳಿದಿದ್ದ, ಒಂದನ್ನಾದರೂ ತೆರೆದು ಒಳಗೆ ಇಣುಕಿದವನಲ್ಲ. ಅದೆಲ್ಲ ಅವಳ ಇಲಾಖೆ. ಅವನಿಗೆ ನಾಚಿಕೆಯಾಯಿತು. ಸಭೆಯ ಎದುರು ಆದ ನಾಚಿಕೆ ಅರ್ಧ, ಉಳಿದರ್ಧ ಎರಡನೆಯ ಸಾಲಿನದು.

ಮೈಕಿನ ಹತ್ತಿರ ಬಗ್ಗಿದ. "ಇವಳೇ... ಸ್ವಲ್ಪ ಬಾ ಇಲ್ಲಿ."

ಸಭೆಯಲ್ಲಿ ನಾಲ್ಕಾರು ಹೆಂಗಸರು ತಲೆಯೆತ್ತಿದರು. ಅವಳು ಮಾತ್ರ ಕೈಚೀಲದ ಹಿಡಿಯನ್ನು ನೋಡುತ್ತ ಕೂತಿದ್ದಳು.

"ಯಾರನ್ನೇ ಕರೀತಿದಾರೆ?" ಅತ್ತೆ ಇಡೀ ಸಭೆಗೆ ಕೇಳುವಂತೆ ಕೇಳಿದಳು.

"ಗೊತ್ತಿಲ್ಲಮ್ಮ. ಯಾರೋ ಇವಳನ್ನಂತೆ."

ಬಳ್ಳಿಯಣ್ಣ "ಲೇ" ಅಂದ, "ನಿನ್ನನ್ನೇ ಕಣೇ" ಅಂದ. ಅವಳು ಅಲುಗಲಿಲ್ಲ. ಪೆಟ್ಟಿಗೆಯೊಳಗೆ ಗಡಿಯಾರ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅವನಿಗೆ ಈಗ ಅರ್ಥವಾಯಿತು. ಅವಳು ಕಾಯುತ್ತಿರುವುದು ಕರೆಗಲ್ಲ, ತನ್ನ ಹೆಸರಿಗೆ. ಮದುವೆಯಾದಾಗಿನಿಂದ ಆ ಹೆಸರನ್ನು ಅವನು ಬರೆದಿರಲಿಲ್ಲ ಸರಿ, ಕೂಗಿಯೂ ಇರಲಿಲ್ಲ. ಊರಿನವರ ಹೆಸರನ್ನೆಲ್ಲ ದುಂಡಗೆ ತಿದ್ದಿದ ಮನುಷ್ಯನಿಗೆ ಮನೆಯೊಳಗಿನ ಒಂದು ಹೆಸರು ನಾಲಿಗೆಗೆ ಹೊಸದಾಗಿತ್ತು.

ಅವಳ ಹೆಸರು ಹೇಳಿದ. ಪೂರ್ತಿ ಹೆಸರು, ಅವಳ ಅಪ್ಪನ ಹೆಸರಿನ ಸಮೇತ.

"ಈ ಪೆಟ್ಟಿಗೆ ಮಾಡಿದ್ದು ಅವಳು," ಅಂದ. "ಇದೊಂದೇ ಅಲ್ಲ, ಎಲ್ಲಾನೂ. ನಿಮ್ಮ ಮನೆ ಸ್ಟೂಲು, ತೊಟ್ಟಿಲು, ಎಲ್ಲ. ನಾನು ಮೇಲೆ ಬಣ್ಣ ಬಳಿದವನು. ಇದು ಯಾವ ಕಡೆ ತೆರೆಯುತ್ತೆ ಅಂತ್ಲೂ ನಂಗೆ ಗೊತ್ತಿಲ್ಲ."

ಅವಳು ಎದ್ದಳು. ಮೆಟ್ಟಿಲು ಹತ್ತಿ ಬಂದು, ಕೈಚೀಲದಿಂದ ತೆಳ್ಳನೆಯ ಉಳಿಯೊಂದನ್ನು ತೆಗೆದಳು. ಬೀಳ್ಕೊಡುಗೆ ಸಮಾರಂಭಕ್ಕೆ ಉಳಿ ಯಾಕೆ ತಂದಿದ್ದಳು ಎಂದು ಕೇಳುವ ಧೈರ್ಯ ಬಳ್ಳಿಯಣ್ಣನಿಗೆ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

"ಬಳ್ಳಿ ಹೋಗುತ್ತೆ," ಅಂದಳು ಮೆಲ್ಲಗೆ, ಅವನಿಗೆ ಮಾತ್ರ ಕೇಳುವಂತೆ.

"ಹೋಗ್ಲಿ ಬಿಡು."

ಸಂದಿಯ ಉದ್ದಕ್ಕೂ ಉಳಿಯ ತುದಿ ಓಡಿಸಿದಳು. ಸುತ್ತಲೂ ಇಳಿದಿದ್ದ ಬಳ್ಳಿ ಒಂದೊಂದು ಕಡೆಯೂ ತುಂಡಾಯಿತು, ಮೇಜಿನ ಮೇಲೆ ಹಸಿರು ಪುಡಿ ಉದುರಿತು. ಪ್ರತಿ ಎಲೆಗೂ ಬಳ್ಳಿಯಣ್ಣನ ಕರುಳು ಚುರುಕ್ಕೆಂದಿತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಅವಳು ಹೆಬ್ಬೆರಳು ಊರಿ ಮುಚ್ಚಳವನ್ನು ಹಿಂದಕ್ಕೆ ತಳ್ಳಿದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಅದು ಜಾರಿತು. ಒಳಗೆ ಬಣ್ಣ ತಾಗದ ಮರ ತಿಳಿ ಜೇನಿನ ಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ಬಳ್ಳಿಯಣ್ಣ ಮೊದಲ ಸಲ ಇಣುಕಿ ನೋಡಿದ, ನೋಡುತ್ತಲೇ ನಿಂತ. ಇಷ್ಟು ಚೆಂದದ್ದರ ಮೇಲೆ ತಾನು ಇಷ್ಟು ವರ್ಷ ಏನು ಬಳಿಯುತ್ತಿದ್ದೆ ಎಂದು ಅವನಿಗೆ ದುಃಖವಾಯಿತು.

ಅಧ್ಯಕ್ಷರು ಗಡಿಯಾರದ ತಲೆಗೆ ಕುಟ್ಟಿ ಸದ್ದಡಗಿಸಿದರು. ಕಾರ್ಯದರ್ಶಿ ಮತ್ತೆ ಮೈಕಿಗೆ ಬಂದ. "ಕಲಾವಿದರ ಶ್ರೀಮತಿಯವರಿಗೆ ಒಂದು ಚಪ್ಪಾಳೆ!"

"ಹೆಸರು ಹೇಳಿ ಸಾರ್," ಎಂದ ಬಳ್ಳಿಯಣ್ಣ.

"ಹೆಸರು ಏನಂದ್ರಿ? ಆ ಗಲಾಟೇಲಿ ಕೇಳಿಸ್ಲಿಲ್ಲ."

ಬಳ್ಳಿಯಣ್ಣ ಅವನ ಕೈಯಿಂದ ಮೈಕು ತೆಗೆದುಕೊಂಡು ಇನ್ನೊಮ್ಮೆ ಹೇಳಿದ. ಈ ಸಲ ನಾಲಿಗೆ ತಡವರಿಸಲಿಲ್ಲ.

ಅಧ್ಯಕ್ಷರು ಎಂದಿನಂತೆ ಅಭಿಮಾನಿಗಳ ಒತ್ತಾಯಕ್ಕೆ ಮಣಿದು ಮರುದಿನವೇ ಕುರ್ಚಿಗೆ ಮರಳಿದರು. ಪೇಟೆಯಲ್ಲಿ ಈಗ ಹೊಸ ಹುಚ್ಚು. ಮುಚ್ಚಳದ ಸುತ್ತ ಬಳ್ಳಿ ತುಂಡಾದ ಪೆಟ್ಟಿಗೆಯೇ ಬೇಕು, ಅದೇ ಈಗಿನ ಫ್ಯಾಷನ್ನು ಎಂದು ಗಿರಾಕಿಗಳು ಹಟ ಹಿಡಿಯುತ್ತಾರೆ. ಬಳ್ಳಿಯಣ್ಣ ಕೂತು ಬಳ್ಳಿ ಬರೆಯುತ್ತಾನೆ, ಅವಳು ಬಂದು ಕತ್ತರಿಸುತ್ತಾಳೆ. ಮುಂಬಾಗಿಲಿಗೂ ಪರದೆಗೂ ನಡುವೆ ಬಂದು ನಿಂತವರು "ಎಲ್ಲ ನಿಮ್ಮ ಕೈಯದ್ದೇನಾ?" ಎಂದು ಕೇಳಿದರೆ ಅವನು ಪರದೆ ಸರಿಸಿ ಒಳಗೆ ಕೈ ತೋರಿಸುತ್ತಾನೆ. ಕೆಲವೊಮ್ಮೆ ಮರೆಯುತ್ತಾನೆ. ಆಗ ಒಳಗೆ ಕೀಸುವ ಸದ್ದು ನಿಲ್ಲುತ್ತದೆ, ಅವನಿಗೆ ಥಟ್ಟನೆ ನೆನಪಾಗುತ್ತದೆ.

ಊರಿಗೆಲ್ಲ ನಾಮಫಲಕ ಬರೆದವರ ಮನೆಗೇ ಒಂದು ಫಲಕವಿರಲಿಲ್ಲ. ಸಭೆಯಾದ ಕೆಲವು ದಿನಕ್ಕೆ ಅವಳು ಹಲಗೆಯೊಂದನ್ನು ಕೀಸಿ ತಂದು ಅವನೆದುರು ಇಟ್ಟು ಹೋದಳು. ಅವನು ಕುಂಚ ತೊಳೆದು, ಸೀಮೆಸುಣ್ಣದಲ್ಲಿ ಗೀಟು ಎಳೆದು, ಮೊದಲು ಅವಳ ಹೆಸರು ಬರೆದ. ಆ ಹೆಸರು ಅವನ ಕೈಗೆ ಹೊಸದು, ಒಂದೆರಡು ಅಕ್ಷರ ಒರೆಸಿ ಮತ್ತೆ ಬರೆದ. ಪಕ್ಕದಲ್ಲಿ ತನ್ನದು ಬರೆದ. ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ ಅಂಗೈ ಅಂಗೈಯಗಲ ಬರಿಯ ಮರ ಉಳಿದಿತ್ತು. ಕುಂಚದ ತುದಿಯಲ್ಲಿ ಹಸಿರು ಬಣ್ಣವೂ ಇತ್ತು. ಅವನು ಅದನ್ನು ಬಟ್ಟೆಗೆ ಒರೆಸಿ ಎದ್ದ.

ಬಾಗಿಲಿಗೆ ಫಲಕ ಹೊಡೆದ ಮೇಲೆ ಅತ್ತೆ ಬಂದು, ಮಂಜುಗಣ್ಣನ್ನು ಹಲಗೆಗೆ ತಾಗುವಷ್ಟು ಹತ್ತಿರ ತಂದು, ಇಡೀ ಫಲಕವನ್ನು ತಡವಿ ನೋಡಿದಳು. ಮಗಳ ಹೆಸರಿನ ಮೇಲೆ ಅವಳ ಬೆರಳು ಎರಡು ಸಲ ಓಡಾಡಿತು.

"ಇದೇನಪ್ಪ, ಎಲ್ಲೂ ಒಂದು ಎಲೇನೂ ಇಲ್ವಲ್ಲ?" ಅಂದಳು.

"ಜಾಗ ಇರಲಿಲ್ಲ ಅತ್ತೆ," ಅಂದ ಬಳ್ಳಿಯಣ್ಣ.